ಮಧ್ಯಾಹ್ನ ಮಾತ್ರ ಹರಿವು ಕಡಿಮೆ ತೋರಿಸಿದರೆ
ಮಡಿಕೇರಿ ಕಡೆಯ ತೋಡಿನಲ್ಲಿ 90 ಡಿಗ್ರಿ ವಿ-ನಾಚ್‌ಗೆ (ಹರಿವು ಅಳೆಯಲು ನೀರಿಗೆ ಅಡ್ಡ ಇಡುವ, ವಿ ಆಕಾರದಲ್ಲಿ ಕತ್ತರಿಸಿದ ಹಲಗೆ) ಹಾಕಿದ ಅಲ್ಟ್ರಾಸಾನಿಕ್ ಮೀಟರ್ ಮಧ್ಯಾಹ್ನ ಮಾತ್ರ ಹರಿವು ಕಡಿಮೆ ತೋರಿಸುತ್ತಿದ್ದರೆ, ಹೆಚ್ಚಾಗಿ ಅದು ಬಿಸಿಲಿನ ಕಾಟ. ನಮ್ಮ ತೋಟದಲ್ಲೂ ಹೀಗೇ ಆಗಿತ್ತು. ಈ ಮೀಟರ್ ಮೇಲಿನಿಂದ ಶಬ್ದ ಬಿಟ್ಟು, ಅದು ನೀರಿಗೆ ತಾಗಿ ಮರಳುವ ಹೊತ್ತಿನಿಂದ ದೂರ ಅಳೆಯುತ್ತದೆ. ಬಿಸಿಲಿಗೆ ಸೆನ್ಸರ್ ಡಬ್ಬಿ ಗಾಳಿಗಿಂತ ಜಾಸ್ತಿ ಕಾಯುತ್ತದೆ. ಗಾಳಿಯೂ ಅಷ್ಟೇ ಬಿಸಿ ಅಂದುಕೊಂಡು ಮೀಟರ್ ಶಬ್ದದ ವೇಗವನ್ನು ಹೆಚ್ಚು ಹಿಡಿದು, ನೀರು ತಗ್ಗಿದೆ ಅಂತ ಲೆಕ್ಕ ಹಾಕುತ್ತದೆ. 10 ಡಿಗ್ರಿ ವ್ಯತ್ಯಾಸಕ್ಕೆ ಸೆನ್ಸರ್‌ನಿಂದ ನೀರಿಗೆ 50 ಸೆಂ.ಮೀ. ದೂರವಿದ್ದರೆ ಸುಮಾರು 9 ಮಿ.ಮೀ. ತಪ್ಪು. ಚಿಕ್ಕದು ಅನ್ನಿಸುತ್ತೆ ಅಲ್ವಾ? ನಾಚ್‌ನಲ್ಲಿ ನೀರು 10 ಸೆಂ.ಮೀ. ಇದ್ದರೆ ಹರಿವಿನಲ್ಲಿ ಐದನೇ ಒಂದು ಪಾಲು ಹೋಯಿತು.

ಮೊದಲು ಸೆನ್ಸರ್‌ಗೆ ನೆರಳು ಮಾಡಿ, ಗಾಳಿ ಆಡಲಿ. ಆಮೇಲೆ ನಾಚ್‌ನಿಂದ ನೀರು ಬರುವ ಕಡೆಗೆ, ನೀರಿನ ಎತ್ತರದ ನಾಲ್ಕು ಪಟ್ಟು ದೂರದಲ್ಲಿ ಸ್ಕೇಲ್ ನಿಲ್ಲಿಸಿ. ಸೊನ್ನೆ ವಿ ತುದಿಯ ಮಟ್ಟಕ್ಕಿರಲಿ, ತೋಡಿನ ತಳಕ್ಕಲ್ಲ. ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಮೀಟರ್ ಜೊತೆ ಹೋಲಿಸಿ. ಆಗಲೂ ತಾಳೆಯಾಗದಿದ್ದರೆ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ) ನೀರಿನ ನೊರೆ ಇರಬಹುದು, ಅದನ್ನು ತಡೆಯಲು ನೀರು ಬರುವ ಕಡೆ ಅಡ್ಡಹಲಗೆ ಹಾಕಿ.