ಬೆಂಗಳೂರಿನಲ್ಲಿ ಓಡಿಸೋಕೆ ಗಟ್ಟಿಮುಟ್ಟಾದ ರಿಮೋಟ್ ಕಂಟ್ರೋಲ್ (ಆರ್‌ಸಿ) ಟ್ರಕ್ ಯಾವುದು? ಮೊದಲು ಯಾವ ಪಾರ್ಟ್ ಬದಲಾಯಿಸಬೇಕು?

ಮನೆ ಹತ್ತಿರದ ಖಾಲಿ ಸೈಟಿನಲ್ಲಿ ಮಗನ ಜೊತೆ ಓಡಿಸೋಕೆ ಬೇಕು, ಆಟಿಕೆ ಅಂಗಡಿಯ ಎರಡು ಕಾರು ಆಗಲೇ ಮೂಲೆ ಸೇರಿವೆ ಅಂತ ಬರೆದಿದ್ದೀರಿ. ಹಾಗಾದರೆ ಸ್ಪೀಡ್ ಎಷ್ಟು ಅಂತ ಕೇಳಬೇಡಿ. ಮುಂದಿನ ಚಕ್ರದ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು) ಮುರಿದರೆ ಅದೊಂದೇ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಮುರಿಯದ ಟ್ರಕ್ಕೇ ಇಲ್ಲ, ರಿಪೇರಿ ಆಗುವ ಟ್ರಕ್ ಮಾತ್ರ ಇದೆ. ಆಟಿಕೆ ಕಾರುಗಳಲ್ಲಿ ಸಾಮಾನ್ಯವಾಗಿ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರು, ಮೋಟಾರಿನ ಕಂಟ್ರೋಲು ಎಲ್ಲಾ ಒಂದೇ ಬೋರ್ಡಿನಲ್ಲಿರುತ್ತೆ, ಅದು ಸುಟ್ಟರೆ ಕಥೆ ಮುಗಿಯಿತು.

ನಾನು ಓಡಿಸುವುದು ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್, ನಿಜವಾದ ಗಾಡಿಯ 1/10 ಅಳತೆ, ಟೂ ವೀಲ್ ಡ್ರೈವ್, ಬ್ರಷ್ಡ್ (ಒಳಗೆ ಕಾರ್ಬನ್ ಬ್ರಷ್ ಇರುವ) ಮೋಟಾರಿನದು. ಬಾಡಿ ಅಗಲವಾಗಿ ಚಕ್ರಗಳ ಮೇಲೆ ಬರುವುದರಿಂದ ಗೋಡೆಗೆ ಗುದ್ದಿದರೂ ಎಷ್ಟೋ ಸಲ ಮೊದಲ ಏಟು ಅದಕ್ಕೇ ಬೀಳುತ್ತದೆ. ನಿಮ್ಮ ಸೈಟಿನಲ್ಲಿ ಹುಲ್ಲು, ಜಲ್ಲಿ ಜಾಸ್ತಿ ಇದ್ದರೆ ಅದೇ ಕಂಪನಿಯ ಸ್ಟ್ಯಾಂಪೀಡ್ ಅಥವಾ ಆರ್ಮಾ ಕಂಪನಿಯ ಗ್ರಾನೈಟ್ ನೋಡಿ. ದೊಡ್ಡ ಚಕ್ರ, ನೆಲದಿಂದ ಎತ್ತರ, ಆದರೆ ತಿರುವಿನಲ್ಲಿ ಬೇಗ ಮಗುಚಿಕೊಳ್ಳುತ್ತವೆ. ಬಜೆಟ್ ಕಮ್ಮಿ ಅಂದರೆ ಡಬ್ಲ್ಯುಎಲ್ ಟಾಯ್ಸ್ 144001 ಇದೆ, ನಾಲ್ಕೂ ಚಕ್ರ ಎಳೆಯುತ್ತವೆ, ಆದರೆ ಅದು ನೆಲಕ್ಕಂಟಿದ ಬಗ್ಗಿ ಥರದ ಕಾರು, ಹುಲ್ಲಿನಲ್ಲಿ ಸಿಕ್ಕಿ ಒದ್ದಾಡುತ್ತದೆ.

ಇನ್ನು ಅಪ್‌ಗ್ರೇಡ್. ಇದರಲ್ಲಿ ನಾನೇ ಪೆಟ್ಟು ತಿಂದವನು. ಕೆಂಗೇರಿ ಕಡೆ ಮನೆ ಕಟ್ಟುವವರು ರಾಶಿ ಹಾಕಿದ್ದ ಎಂ-ಸ್ಯಾಂಡ್ ಮೇಲಿಂದ ಹಾರಿಸಿ ಮುಂದಿನ ಆರ್ಮ್ ಮುರಿದುಕೊಂಡೆ. ಪ್ಲಾಸ್ಟಿಕ್ ಅಲ್ವಾ, ಅದಕ್ಕೇ ಮುರಿಯಿತು ಅಂದುಕೊಂಡು ಫಳಫಳ ಹೊಳೆಯುವ ಅಲ್ಯೂಮಿನಿಯಂ ಆರ್ಮ್ ತರಿಸಿ ಹಾಕಿದೆ. ಮುಂದಿನ ವಾರ ಅದೇ ರಾಶಿ, ಅದೇ ಹಾರಾಟ. ಆರ್ಮ್‌ಗೆ ಏನೂ ಆಗಲಿಲ್ಲ, ಅದನ್ನು ಹಿಡಿದಿದ್ದ ಬಲ್ಕ್‌ಹೆಡ್ಡೇ ಕಿತ್ತು ಬಂತು, ಅದನ್ನು ಬದಲಾಯಿಸೋಕೆ ಮುಂಭಾಗ ಪೂರ್ತಿ ಬಿಚ್ಚಬೇಕಾಯಿತು. ಆರ್ಮ್ ಸ್ವಲ್ಪ ಬಾಗಬೇಕು, ಏಟನ್ನು ಅದೇ ನುಂಗಬೇಕು. ಅದಕ್ಕೇ ಆರ್‌ಪಿಎಂ ಕಂಪನಿಯ ನೈಲಾನ್ ಆರ್ಮ್ ಹಾಕಿ, ಸುಮ್ನೆ ಲೋಹದ ಹಿಂದೆ ಹೋಗಬೇಡಿ.

ಲೋಹ ಬೇಕಾಗುವುದು ಸರ್ವೋ ಒಳಗೆ. ಸ್ಟೀರಿಂಗ್ ತಿರುಗಿಸುವ ಸರ್ವೋದ ಪ್ಲಾಸ್ಟಿಕ್ ಹಲ್ಲು ಹೋದಾಗ ಮೆಟಲ್ ಗೇರಿನದು ಹಾಕಿ, ಜೊತೆಗಿರುವ ಸರ್ವೋ ಸೇವರ್ (ಚಕ್ರಕ್ಕೆ ಏಟು ಬಿದ್ದಾಗ ಸರ್ವೋ ಹಲ್ಲು ಉಳಿಸುವ ಸ್ಪ್ರಿಂಗಿನ ಭಾಗ) ತೆಗೆಯಬೇಡಿ. ಮೋಟಾರ್ ಬಿಚ್ಚಿ ಮತ್ತೆ ಕೂರಿಸುವಾಗ ಮೋಟಾರಿನ ಚಿಕ್ಕ ಗೇರಾದ ಪಿನಿಯನ್‌ಗೂ ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿಗೂ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು, ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಹಾಳೆ ಎಳೆಯಿರಿ, ಅಷ್ಟು ಸಂದು ಸಾಕು. ನಮ್ಮ ಕೆಂಪು ಮಣ್ಣಿನ ಧೂಳಿಗೆ ಬೇರಿಂಗ್ ಬೇಗ ಗರಗರ ಅನ್ನುತ್ತದೆ. ಹಳೆಯದರ ಅಳತೆ ತೆಗೆದುಕೊಂಡು (ನನ್ನ ಚಕ್ರದ್ದು 5×11×4 ಮಿ.ಮೀ.) ಬೇರಿಂಗ್ ಅಂಗಡಿಯಲ್ಲೇ ಕೇಳಿ ನೋಡಿ, ಟ್ರಕ್ ಕಂಪನಿಯದ್ದೇ ಆಗಬೇಕು ಅಂತೇನಿಲ್ಲ. ಹೆಕ್ಸ್ ಡ್ರೈವರು, ಮಲ್ಟಿಮೀಟರು, ಬ್ಯಾಟರಿಯ ಎಕ್ಸ್‌ಟಿ60 ಕನೆಕ್ಟರು ಇಂಥವಕ್ಕೆ ಎಸ್.ಪಿ. ರೋಡ್ ಇದ್ದೇ ಇದೆ, ಆದರೆ ಭಾನುವಾರ ಹೋಗಿ ಮುಚ್ಚಿದ ಶಟರ್ ನೋಡಿಕೊಂಡು ಬರಬೇಡಿ.

ಬ್ಯಾಟರಿ 2ಎಸ್ ಲೈಪೋ (ಲಿಥಿಯಂ ಪಾಲಿಮರ್), ಅಂದರೆ ಎರಡು ಸೆಲ್, 7.4 ವೋಲ್ಟ್, ಸಾಕು. 3ಎಸ್ ಹಾಕಿದರೆ ಮಗನಿಗೆ ಖುಷಿ, ಗೇರಿಗೆ ಕಷ್ಟ. ಫುಲ್ ಚಾರ್ಜ್ ಅಂದರೆ ಒಂದೊಂದು ಸೆಲ್ 4.2 ವೋಲ್ಟ್. 3.2ಕ್ಕಿಂತ ಕೆಳಗೆ ಇಳಿಸಬೇಡಿ, ವಾರಗಟ್ಟಲೆ ಇಡುವುದಾದರೆ 3.8ರ ಹತ್ತಿರ ಇಡಿ. ಸ್ಪೀಡ್ ಕಂಟ್ರೋಲರಿನಲ್ಲಿ ಲೈಪೋ ಕಟ್‌ಆಫ್ (ಚಾರ್ಜ್ ತೀರಾ ಇಳಿದರೆ ಮೋಟಾರ್ ನಿಲ್ಲಿಸುವ ವ್ಯವಸ್ಥೆ) ಆನ್ ಇದೆಯಾ ಅಂತ ಮೊದಲೇ ನೋಡಿ. ನಾನು ನೋಡಲಿಲ್ಲ, ಎರಡನೇ ತಿಂಗಳಿಗೇ ನನ್ನ ಬ್ಯಾಟರಿ ಪೂರಿ ಥರ ಊದಿತು. ಊದಿದ್ದನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು. ಚೆನ್ನಾಗಿರುವುದನ್ನೂ ಎದುರಿಗೆ ಕೂತು, ಸೆಲ್ಲುಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ ಚಾರ್ಜ್ ಮಾಡಿ.

ವಾಟರ್‌ಪ್ರೂಫ್ ಅಂತ ಬರೆದಿದ್ದರೆ ಅದು ಎಲೆಕ್ಟ್ರಾನಿಕ್ಸಿಗೆ, ಬೇರಿಂಗಿಗಲ್ಲ. ಮಳೆಯಲ್ಲಿ ಓಡಿಸಿದ ದಿನ ಒರೆಸಿ, ಒಣಗಿಸಿ, ಬೇರಿಂಗಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಮತ್ತೆ ಬೀದಿ ನಾಯಿಗಳು ಅಟ್ಟಿಸಿಕೊಂಡು ಬಂದರೆ ಗಾಡಿ ನಿಲ್ಲಿಸಿಬಿಡಿ, ನಿಂತ ಗಾಡಿಯನ್ನು ಮೂಸಿ ನೋಡಿ ಸಾಮಾನ್ಯವಾಗಿ ಅವೇ ಹೋಗುತ್ತವೆ.