ಆರು ಮೂಲೆ ಕೂಡ್ತಿಲ್ಲ ಅಂದೋರಿಗೆ

ಬಟ್ಟೆ ಮಡಚಿ ಆರು ಮೂಲೆ ತುಂಡು ಮಾಡೋದು, ಆಮೇಲೆ ಅವನ್ನ ಜೋಡಿಸಿ ಕೌದಿ ಹೊಲಿಯೋದು ಅಂತ ಹೋದ ಸಂಚಿಕೇಲಿ ಒಂದು ಪುಟ ಬರೆದಿದ್ದೆ, ಅದಕ್ಕೆ ಬಂದಿರೋ ಪ್ರಶ್ನೆ ನೋಡಿ ಮೈಸೂರು ಮಂಡ್ಯ ಕಡೆ ಇನ್ನೂ ಎಷ್ಟೊಂದು ಮನೇಲಿ ಸೂಜಿ ದಾರ ಓಡಾಡ್ತಿದೆ ಅಂತ ಗೊತ್ತಾಗಿ ತುಂಬಾ ಖುಷಿ ಆಯ್ತು. ಎಲ್ಲಾದಕ್ಕೂ ಇಲ್ಲಿ ಜಾಗ ಇಲ್ಲ. ಒಂದೇ ತರದ್ದನ್ನ ಸೇರಿಸಿ ಐದು ತಗೊಂಡಿದೀನಿ.

ಪ್ರಶ್ನೆ: ಮೇಡಂ, ನೀವು ಹೇಳ್ದಂಗೆ ರೌಂಡ್ ಬಟ್ಟೆ ಕತ್ತರಿಸಿ ಮಡಚ್ತಾ ಬಂದೆ. ಐದು ಮಡಿಕೆ ಚೆನ್ನಾಗ್ ಬರುತ್ತೆ, ಆರನೇದು ಮಾತ್ರ ಒಂದ್ಸಲ ಉದ್ದ ಒಂದ್ಸಲ ಗಿಡ್ಡ, ಮಧ್ಯದಲ್ಲಿ ಒಂದು ತೂತು ಬೇರೆ. ಎಂಟು ಮಾಡಿದೆ, ಎಂಟೂ ಹಾಗೇ. ಎಲ್ಲಿ ತಪ್ಪಾಗ್ತಿದೆ?
ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆರನೇದನ್ನ ಬಿಡಿ, ಮೊದಲನೇದನ್ನ ನೋಡ್ಕೊಳ್ಳಿ. ಮೊದಲನೇ ಮಡಿಕೆ ಒಂದು ದಾರದಷ್ಟು ಆಚೆ ಈಚೆ ಆದ್ರೂ ಅದು ಎರಡನೇದಕ್ಕೆ ಹೋಗುತ್ತೆ, ಅಲ್ಲಿಂದ ಮೂರನೇದಕ್ಕೆ, ಕೊನೆಗೆ ಎಲ್ಲಾ ಸೇರಿ ಆರನೇದರ ತಲೆ ಮೇಲೆ ಬೀಳುತ್ತೆ. ನೀವು ನಡು ಚುಕ್ಕಿ ಇಟ್ಕೊಂಡ್ರಾ ಅಂತ ಬರೆದಿಲ್ಲ, ಇಟ್ಕೊಂಡಿಲ್ಲ ಅಂತ ನನ್ನ ಲೆಕ್ಕ. ಈ ಕೆಲಸದಲ್ಲಿ ಎಲ್ಲಾನೂ ಆ ಒಂದು ಚುಕ್ಕಿ ಮೇಲೆ ನಿಂತಿರುತ್ತೆ, ಕಣ್ಣಂದಾಜಲ್ಲಿ ಮಧ್ಯ ಅಂದ್ಕೊಂಡು ಹೋದ್ರೆ ಎಷ್ಟು ವರ್ಷ ಹೊಲಿದ ಕೈ ಆದ್ರೂ ತಪ್ಪುತ್ತೆ.

ಇನ್ನೊಂದ್ಸಲ ನಿಧಾನಕ್ಕೆ ಹೇಳ್ತೀನಿ. 7 ಇಂಚಿನ ರೌಂಡ್ ಕತ್ತರಿಸಿ, ಅಂದ್ರೆ ಕೈವಾರ ಮೂರೂವರೆ ಇಂಚು ತೆಗೆದಿರ್ಬೇಕು. ಅದನ್ನ ಅರ್ಧ ಮಡಚಿ, ಮತ್ತೆ ಅರ್ಧ ಮಡಚಿ, ಚೂಪಾದ ತುದೀನ ಉಗುರಲ್ಲಿ ಒತ್ತಿ ಬಿಚ್ಚಿ, ಗೆರೆ ಕೂಡೋ ಕಡೆ ಪೆನ್ಸಿಲಲ್ಲಿ ಸಣ್ಣ ಚುಕ್ಕಿ ಇಡಿ. ಬಟ್ಟೆಯ ಉಲ್ಟಾ ಮೇಲಿರ್ಲಿ. ಈಗ ಒಂದು ಅಂಚನ್ನ ಎತ್ತಿ ಸರಿಯಾಗಿ ಚುಕ್ಕಿಗೆ ಮುಟ್ಟಿಸಿ ಇಸ್ತ್ರಿ ಒತ್ತಿ. ಒಂದು ನೇರ ಗೆರೆ ಬಂತಲ್ಲ, ಅದರ ಎರಡು ತುದೀಲೂ ಒಂದೊಂದು ಮೂಲೆ ಕಾಣುತ್ತೆ. ಬಲಗಡೆ ಮೂಲೆ ಎತ್ತಿ ಚುಕ್ಕಿಗೆ ತನ್ನಿ, ಒತ್ತಿ. ಆಚೆ ಕಡೆ ಹೊಸ ಮೂಲೆ ಹುಟ್ಕೊಳ್ಳುತ್ತೆ, ಅದನ್ನ ಚುಕ್ಕಿಗೆ ತನ್ನಿ. ಹೀಗೇ ಸುತ್ತಿ ಬಂದ್ರೆ ಐದು ಮಡಿಕೆ ಆದ್ಮೇಲೆ ಉಳಿಯೋದು ಮೊದಲನೇ ಗೆರೆಯ ಎಡಗಡೆ ಮೂಲೆನೇ, ಅದನ್ನ ತಂದ್ರೆ ಆರು. ಅದು ತಾನಾಗೇ ಬಂದು ಅಲ್ಲೇ ಕೂತ್ಕೋಬೇಕು, ಎಳೆಯೋ ಪರಿಸ್ಥಿತಿ ಬಂತು ಅಂದ್ರೆ ಬಿಚ್ಚಿ, ಮೊದಲಿಂದ ಮಡಚಿ. ಆರೂ ತುದಿ ನಡುವೆ ಸೇರಿದ ಮೇಲೆ ಎರಡು ಮೂರು ಟಾಕು ಹಾಕಿ ಬಿಗಿ ಮಾಡಿ. ಉಲ್ಟಾ ಒಳಗಡೆ ಹೋಗಿರೋದ್ರಿಂದ ಹಿಂದೆ ಮುಂದೆ ಎರಡು ಕಡೆನೂ ಸುಲ್ಟಾನೇ ಕಾಣುತ್ತೆ, ಬೇರೆ ಅಸ್ತರ್ ಬೇಡ.

ಮಧ್ಯದ ತೂತಿಗೆ ಇನ್ನೊಂದು ಕಾರಣ ಟೆಂಪ್ಲೇಟು. ಒಳಗೆ ರಟ್ಟಿನ ಷಟ್ಕೋನ ಇಟ್ಕೊಂಡು ಅದರ ಮೇಲೆ ಮಡಚೋದಾದ್ರೆ (ನಾನು ಹಾಗೇ ಮಾಡೋದು, ಅಂಚು ಚೂರಿ ತರ ಬರುತ್ತೆ) ಆ ರಟ್ಟು 7 ಇಂಚಿನ ರೌಂಡಿಗೆ ಬಾಹು 2 ಇಂಚು ಇರ್ಬೇಕು, ಅದಕ್ಕಿಂತ ದೊಡ್ಡದಾದ್ರೆ ಬಟ್ಟೆ ಚುಕ್ಕಿ ತನಕ ಎಟುಕಲ್ಲ. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೈವಾರ ಸಾಕು, 2 ಇಂಚು ತೆಗೆದು ವೃತ್ತ ಎಳೆದು, ಕೈವಾರ ಅಲುಗಿಸದೇ ಅದೇ ಅಳತೇಲಿ ವೃತ್ತದ ಮೇಲೆ ಗುರುತು ಹಾಕ್ತಾ ಹೋದ್ರೆ ಸರಿಯಾಗಿ ಆರು ಸಲಕ್ಕೆ ಹೊರಟ ಕಡೆಗೇ ವಾಪಸ್ ಬರ್ತೀರ. ಗುರುತು ಸೇರಿಸಿ ಕತ್ತರಿಸಿ.

ರಟ್ಟಿಗೆ ಮದುವೆ ಇನ್ವಿಟೇಶನ್ ಕಾರ್ಡಿಗಿಂತ ಒಳ್ಳೇದು ಇಲ್ಲ, ಗಟ್ಟಿನೂ ಹೌದು ಇಸ್ತ್ರಿ ಬಿಸೀನೂ ತಡ್ಕೊಳ್ಳುತ್ತೆ, ಮಿಂಚು ಪ್ಲಾಸ್ಟಿಕ್ ಹೊದಿಕೆ ಇಲ್ಲದ್ದು ನೋಡಿ ಆರಿಸ್ಕೊಳ್ಳಿ. ಒಂದು ಮಾತು ಮಾತ್ರ ದಯವಿಟ್ಟು ಮರೀಬೇಡಿ. ರಟ್ಟಿನ ಮೂಲೆ ಸವೆದಾಗ ಆ ಸವೆದಿದ್ದನ್ನೇ ಇಟ್ಟು ಹೊಸದು ಗೀಚ್ಕೋಬೇಡಿ. ನನ್ನ ಮೊದಲನೇ ತೊಟ್ಟಿಲು ಕೌದೀಲಿ ಹಾಗೆ ಮಾಡಿದ್ದೆ, ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ಪೆನ್ಸಿಲ್ ದಪ್ಪ ಸೇರ್ತಾ ಸೇರ್ತಾ ಕೊನೇ ನಲವತ್ತು ತುಂಡು ಎಲ್ಲಾ ಮೊದಲನೇವಕ್ಕಿಂತ ದೊಡ್ಡದಾಗಿ ಕೂತವು, ಸಾಲಿಗೆ ಸಾಲೇ ಬಿಚ್ಬೇಕಾಯ್ತು, ಎರಡು ದಿನ ಊಟ ಸೇರ್ಲಿಲ್ಲ. ಒಂದು ತುಂಡಲ್ಲಿ ಇಂಚಿನ ಹದಿನಾರನೇ ಒಂದು ಭಾಗ ವ್ಯತ್ಯಾಸ ಕಣ್ಣಿಗೆ ಕಾಣಲ್ಲ, ಇಪ್ಪತ್ತು ತುಂಡಿನ ಸಾಲಲ್ಲಿ ಅದು ಒಂದೂಕಾಲು ಇಂಚಾಗುತ್ತೆ. ಅದಕ್ಕೇ ಒಂದು ಮೂಲ ಟೆಂಪ್ಲೇಟ್ ಮಾಡಿ, ಮೇಲೆ 'ಮೂಲ' ಅಂತ ಬರೆದು ಡಬ್ಬೀಲಿ ಎತ್ತಿಡಿ, ಎಲ್ಲಾ ರಟ್ಟೂ ಅದರಿಂದ್ಲೇ ಬರ್ಲಿ. ಹಳೇ ಎಕ್ಸ್‌ರೇ ಫಿಲಂ ಇದ್ರೆ ಮೂಲಕ್ಕೆ ಅದೇ ಸರಿ, ಸವೆಯೋದೇ ಇಲ್ಲ, ಇಸ್ತ್ರಿ ಮಾತ್ರ ತಾಗಿಸ್ಬೇಡಿ.

ಪ್ರಶ್ನೆ: ಅಕ್ಕಾ, ಆನ್‌ಲೈನಲ್ಲಿ ಅಕ್ರಿಲಿಕ್ ಟೆಂಪ್ಲೇಟ್ ತರಿಸ್ಕಂಡೆ, ಮ್ಯಾಲೆ 2 ಇಂಚು ಅಂತ ಅದೆ. ನೀವೂ 2 ಇಂಚು ಅಂದಿದ್ರಿ, ಅದ್ಕೆ 7 ಇಂಚಿನ ರೌಂಡೇ ಕತ್ತರಿಸಿವ್ನಿ. ಮಡಚುದ್ರೆ ಬಟ್ಟೆ ನಡುವೆ ಗುಡ್ಡೆ ಆಯ್ತದೆ, ಹಪ್ಪಳದಂಗೆ ಇರ್ಬೇಕಾದ್ದು ಕಡುಬಿನಂಗೆ ಕಾಣ್ತದೆ. ಟೆಂಪ್ಲೇಟೇ ಸರಿ ಇಲ್ವ?
ಓದುಗರು, ಮಂಡ್ಯ

ಉತ್ತರ: ಟೆಂಪ್ಲೇಟೂ ಸರಿ ಇದೆ ನೀವೂ ಸರಿ ಇದೀರ, ಅಳೆದಿರೋ ಜಾಗ ಬೇರೆ ಬೇರೆ. ಷಟ್ಕೋನಕ್ಕೆ ಸೈಜ್ ಹೇಳೋದು ಎರಡು ತರ. ಕೆಲವರು ಒಂದು ಬಾಹು ಎಷ್ಟುದ್ದ ಅಂತ ಹೇಳ್ತಾರೆ, ನಾನು ಹೇಳಿದ್ದು ಅದು. ಕೆಲವು ಟೆಂಪ್ಲೇಟಲ್ಲಿ ಒಂದು ಅಂಚಿಂದ ಎದುರಿನ ಅಂಚಿಗೆ ಎಷ್ಟು ಅಂತ ಹಾಕಿರ್ತಾರೆ. ಬಾಹು 2 ಇಂಚಿದ್ರೆ ಎದುರು ಅಂಚಿಗೆ ಹೆಚ್ಚೂ ಕಮ್ಮಿ ಮೂರೂವರೆ ಇಂಚು ಬರುತ್ತೆ (ಬಾಹುವನ್ನ 1.732ರಿಂದ ಗುಣಿಸಿದ್ರೆ ಸಿಗೋದು). ನಿಮ್ಮದ್ರಲ್ಲಿ ಅಂಚಿಂದ ಅಂಚಿಗೇ 2 ಇಂಚು ಇರ್ಬೇಕು, ಬಾಹು ಒಂದು ಇಂಚಿಗಿಂತ ಚೂರು ಜಾಸ್ತಿ ಅಷ್ಟೆ. ಅಷ್ಟು ಸಣ್ಣದರ ಮೇಲೆ 7 ಇಂಚಿನ ಬಟ್ಟೆ ಮಡಚಿದ್ರೆ ಕಡುಬೇ ಆಗೋದು.

ಬಿಸಾಕ್ಬೇಡಿ ಅದನ್ನ. ಯಾವ ಟೆಂಪ್ಲೇಟೇ ಇರ್ಲಿ, ಅಂಚಿಂದ ಎದುರಿನ ಅಂಚಿಗೆ ಸ್ಕೇಲ್ ಇಟ್ಟು ಅಳೆದು ಅದನ್ನ ಡಬಲ್ ಮಾಡಿ, ರೌಂಡಿನ ಅಗಲ ಅದೇ. ನಿಮ್ಮದಕ್ಕೆ 4 ಇಂಚಿನ ರೌಂಡು. ಮನೇಲಿ ಹಳೇ ಸಿಡಿ ಇದ್ಯಾ? ಅದು 12 ಸೆಂಟಿಮೀಟರ್ ರೌಂಡು, ಸುತ್ತ ಗೀಚಿ ಕತ್ತರಿಸಿದ್ರೆ ಅಂಚಿಂದ ಅಂಚಿಗೆ 6 ಸೆಂಟಿಮೀಟರ್ ಷಟ್ಕೋನ ಬರುತ್ತೆ, ನಡುವೆ ತೂತೂ ಇರೋದ್ರಿಂದ ಮಧ್ಯ ಹುಡುಕೋ ಕಷ್ಟನೇ ಕಮ್ಮಿ. ಟೆಂಪ್ಲೇಟ್ ಸರಿಯಾಗಿದ್ಯಾ ಅಂತ ನೋಡೋಕೆ, ಒಂದು ಹಾಳೆ ಮೇಲೆ ಸುತ್ತ ಗೆರೆ ಎಳೆದು ಟೆಂಪ್ಲೇಟನ್ನ ಒಂದೊಂದೇ ಮೂಲೆ ತಿರುಗಿಸಿ ಅದೇ ಗೆರೆಗೆ ಕೂರಿಸಿ. ಆರೂ ಸಲ ಕೂತ್ರೆ ಸರಿ, ಎಲ್ಲಾದ್ರೂ ಗೆರೆ ಇಣುಕಿದ್ರೆ ವಾಪಸ್ ಕಳ್ಸಿ.

ಪ್ರಶ್ನೆ: ಬಾಗಿನಕ್ಕೆ, ಅರಿಶಿನ ಕುಂಕುಮಕ್ಕೆ, ನವರಾತ್ರಿ ಗೊಂಬೆ ನೋಡೋಕೆ ಹೋದಾಗ ಅಂತ ಕೊಟ್ಟಿರೋ ಬ್ಲೌಸ್ ಪೀಸ್ ಒಂದು ಬೀರು ತುಂಬಾ ಇದೆ. ಇದಕ್ಕೆ ಆಗುತ್ತಾ? ಒಂದು ಸಿಂಗಲ್ ಕಾಟ್ ಕೌದಿಗೆ ಎಷ್ಟು ಬೇಕು? ಹಳೇ ಮೈಸೂರು ಸಿಲ್ಕ್ ಸೀರೆನೂ ಒಂದಿದೆ.
ಓದುಗರು, ಶ್ರೀರಂಗಪಟ್ಟಣ

ಉತ್ತರ: ಆಗುತ್ತೆ, ಆದ್ರೆ ಆರಿಸಿ. ಕಾಟನ್ ಟು ಬೈ ಟು ಬ್ಲೌಸ್ ಬಟ್ಟೆ ಆದ್ರೆ ಚಿನ್ನ, ತೆಳ್ಳಗಿರುತ್ತೆ, ಮಡಿಕೆ ಕೂತ್ಕೊಳ್ಳುತ್ತೆ. ಪಾಲಿಯೆಸ್ಟರ್ ಸೇರಿರೋದು ಎಷ್ಟು ಒತ್ತಿದ್ರೂ ಎದ್ದು ನಿಲ್ಲುತ್ತೆ. ಅನುಮಾನ ಬಂದ್ರೆ ಅಂಚಿಂದ ಒಂದು ಎಳೆ ತೆಗೆದು ಬೆಂಕಿಗೆ ಹಿಡೀರಿ, ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದ್ರೆ ಕಾಟನ್, ಕರಗಿ ಮಣಿ ತರ ಗಟ್ಟಿಯಾದ್ರೆ ಪಾಲಿಯೆಸ್ಟರ್. ಮೆರೂನು, ಕೆಂಪು, ಕಡುನೀಲಿ ಮೊದ್ಲು ಒಗೆದು ಒಣಗಿಸಿ, ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ರೆ ಪಕ್ಕಕ್ಕಿಡಿ. ತೆಳ್ಳಗೆ ಅನ್ನದ ಗಂಜಿ ಹಾಕಿ ಒಣಗಿಸಿದ್ರೆ ಮಡಚೋದು ಎಷ್ಟು ಸಲೀಸು ಅಂತ ಮಾಡಿ ನೋಡ್ಬೇಕು ನೀವು, ಕೌದಿ ಮುಗಿದ ಮೇಲೆ ಮಾತ್ರ ಗಂಜಿ ಹೋಗೋ ಹಾಗೆ ಒಗೀರಿ, ಇಲ್ಲಾಂದ್ರೆ ಬೀರುನಲ್ಲಿ ಹುಳ ಬೀಳುತ್ತೆ.

ಲೆಕ್ಕ ಕೇಳಿದೀರ. 36 ಇಂಚು ಪನ್ನದ (ಅಗಲದ) 80 ಸೆಂಟಿಮೀಟರ್ ಪೀಸಲ್ಲಿ 7 ಇಂಚಿನ ರೌಂಡು ಇಪ್ಪತ್ತು ಬರುತ್ತೆ. 60 ಇಂಚು 90 ಇಂಚಿನ ಕೌದಿಗೆ ಸುಮಾರು 520 ತುಂಡು ಬೇಕು, ಅಂದ್ರೆ 26 ಬ್ಲೌಸ್ ಪೀಸು, ಹತ್ತಿರ ಹತ್ತಿರ 21 ಮೀಟರ್ ಬಟ್ಟೆ! ಮಡಚೋ ಕೆಲಸಕ್ಕೆ ಬಟ್ಟೆ ಜಾಸ್ತಿ ತಿನ್ನುತ್ತೆ, ಕಾಣೋದರ ಮೂರೂವರೆ ಪಟ್ಟಿಗಿಂತ ಜಾಸ್ತಿ ಬಟ್ಟೆ ಒಂದೊಂದು ತುಂಡಿಗೂ ಬೇಕಾಗುತ್ತೆ, ಭಾರಾನೂ ಆಗುತ್ತೆ. ನನ್ನ ಮಾತು ಕೇಳಿದ್ರೆ ಮೊದಲು 36ಕ್ಕೆ 36 ಇಂಚಿನ ತೊಟ್ಟಿಲು ಕೌದಿ ಮಾಡಿ, 125 ತುಂಡು, ಏಳು ಪೀಸಲ್ಲಿ ಮುಗಿಯುತ್ತೆ. ನಮ್ಮೂರ ಚಳಿಗೆ ಒಳಗೆ ಹತ್ತಿ ತುಂಬೋ ಅವಶ್ಯಕತೆನೂ ಇಲ್ಲ, ಬೇಕೇ ಬೇಕು ಅಂದ್ರೆ ಮಡಚೋಕೆ ಮುಂಚೆ ರಟ್ಟಿಗಿಂತ ಚೂರು ಸಣ್ಣದಾಗಿ ಕತ್ತರಿಸಿದ ಹಳೇ ಫ್ಲಾನೆಲ್ ತುಂಡು ಇಡಿ.

ಮೈಸೂರು ಸಿಲ್ಕಿಗೆ ಈಗ್ಲೇ ಕತ್ತರಿ ಹಾಕ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ. ಮಾನಂದವಾಡಿ ರೋಡಿನ ಫ್ಯಾಕ್ಟರಿ 1912ರಿಂದ ನೇಯ್ತಿರೋ ಆ ಕ್ರೇಪ್ ಬಟ್ಟೆಗೆ ಜೀವ ಬರೋದೇ ನೂಲನ್ನ ಚೆನ್ನಾಗಿ ಹುರಿ ಮಾಡಿರೋದ್ರಿಂದ, ಮೈಮೇಲೆ ಅಷ್ಟು ಚಂದ ಬೀಳೋದೂ ಅದಕ್ಕೇ, ಮಡಚಿದ್ರೆ ಜಾರೋದೂ ಅದಕ್ಕೇ. ಕಾಟನ್ನಲ್ಲಿ ನೂರು ತುಂಡು ಮಾಡಿ ಕೈ ಪಳಗಿದ ಮೇಲೆ, ಸೀರೆ ಉಡೋ ಹಾಗೇ ಇಲ್ಲ ಅಂತಾದ್ರೆ, ಹಿಂದೆ ತೆಳ್ಳನೆ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟ್ಕೊಳ್ಳೋ ಬಟ್ಟೆ) ಅಂಟಿಸಿ ಕತ್ತರಿಸಿ.

ಪ್ರಶ್ನೆ: ತಾಯಿ, ನನಗೆ 71 ವರ್ಷ. ನಮ್ಮಮ್ಮ ಹಳೇ ಸೀರೆ ಪಂಚೆ ಎಲ್ಲಾ ಪದರ ಪದರ ಹಾಕಿ ಹೊಲೀತಿದ್ರು, ಅಳತೆ ಗಿಳತೆ ಏನೂ ಇರ್ಲಿಲ್ಲ. ಇದು ಹೊರಗಿನೋರ ವಿದ್ಯೆ ಅಲ್ವಾ? ಬಣ್ಣ ಹೆಂಗೆ ಕೂರಿಸೋದು ಅಂತಾನೇ ತಿಳೀದು.
ಓದುಗರು, ಮೇಲುಕೋಟೆ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ಹೌದು, ಆರು ಮೂಲೆ ತುಂಡಿನ ಹೂವಿನ ವಿನ್ಯಾಸ 1930ರ ದಶಕದಲ್ಲಿ ಅಮೆರಿಕದಲ್ಲಿ ಮನೆಮನೇಲೂ ಹೊಲೀತಿದ್ದದ್ದು, 'ಅಜ್ಜಿಯ ಹೂದೋಟ' ಅನ್ನೋ ಅರ್ಥದ ಹೆಸರು ಅದಕ್ಕೆ. ಆದ್ರೆ ಬಟ್ಟೆ ಮಡಚಿ ಅಂದ ಮಾಡೋದು ನಮ್ಮಲ್ಲೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದೀನ ಅಂಚಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ, ಯಾವ ಟೆಂಪ್ಲೇಟೂ ಇಲ್ಲ, ಮುಗಿದ ಮೇಲೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ 'ಫುಲ' (ಹೂವು) ಇಡ್ತಾರೆ, ಅದಿಲ್ದೆ ಇದ್ರೆ ಕೌದಿ ಪೂರ್ತಿ ಆದಂಗಲ್ಲ.

ಬಣ್ಣ ಕೂರಿಸೋದು ನಿಮಗೆ ಗೊತ್ತಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. ನೀವು ಬಾಗಿಲ ಮುಂದೆ ಸಂದು ಚುಕ್ಕಿ ರಂಗೋಲಿ ಹಾಕಿರ್ತೀರಲ್ಲ, 5ರಿಂದ 3ಕ್ಕೆ ಇಳಿಯೋದು? ಎಣಿಸಿ ನೋಡಿ, ಮೂರು, ನಾಲ್ಕು, ಐದು, ನಾಲ್ಕು, ಮೂರು, ಒಟ್ಟು 19. ಹೂದೋಟದ ಹೂವಲ್ಲೂ ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು, ಒಟ್ಟು ಅದೇ 19. ಒಂದೊಂದು ಚುಕ್ಕಿ ಜಾಗದಲ್ಲಿ ಒಂದೊಂದು ತುಂಡು ಇಟ್ಕೊಳ್ಳಿ, ವಿನ್ಯಾಸ ಬಂದೇ ಬಿಡ್ತು. ಇದು ಹೊಳೆದ ದಿನ ನಾನು ಹಳೇ ರಂಗೋಲಿ ನೋಟ್‌ಬುಕ್ ತೆಗೆದು ಕೂತೋಳು ರಾತ್ರಿ ತನಕ ಎದ್ದಿಲ್ಲ. 15ರಿಂದ 8ರದ್ದು ಹಾಕಿದ್ರೆ 169 ತುಂಡು, ಒಂದು ದೊಡ್ಡ ಆರು ಮೂಲೆ ಹಾಸೇ ಆಗುತ್ತೆ. ನಡುವೆ ಅರಿಶಿನ ಬಣ್ಣ, ಮೊದಲ ಸುತ್ತು ಕೆಂಪು, ಆಚೆ ಸುತ್ತು ಎಲೆ ಹಸಿರು, ಹೂವಿಗೂ ಹೂವಿಗೂ ಮಧ್ಯೆ ಒಂದು ಸಾಲು ಬಿಳಿ ಬಿಡಿ. ಆ ಬಿಳಿಗೆ ನಿಮ್ಮೂರ ಕೈಮಗ್ಗದ ಪಂಚೆಗಿಂತ ಒಳ್ಳೇ ಬಟ್ಟೆ ನನಗಂತೂ ಗೊತ್ತಿಲ್ಲ.

ಪ್ರಶ್ನೆ: ಟೈಲರ್ ಅಂಗಡಿ ಇಟ್ಟಿದೀನಿ. ಇದನ್ನ ಮೆಷಿನ್ನಲ್ಲೇ ಜೋಡಿಸ್ಬೋದಾ? ಅಂಚಿಗೆ ಪೈಪಿಂಗ್ ಹಾಕ್ಬೇಕಾ?
ಓದುಗರು, ಮದ್ದೂರು

ಉತ್ತರ: ಅಣ್ಣ, ಜಿಗ್‌ಜಾಗ್ ಬರೋ ಮೆಷಿನ್ ಇದ್ರೆ ಎರಡು ತುಂಡು ಅಂಚಿಗೆ ಅಂಚು ತಾಗಿಸಿ ಹೊಡೀಬಹುದು. ಮಾಮೂಲಿ ಕಪ್ಪು ಮೆಷಿನ್ ನೇರ ಹೊಲಿಗೆ ಹಾಕುತ್ತೆ, ಅದರಲ್ಲಿ ಜೋಡಿಸಿದ್ರೆ ಪ್ರತಿ ಸೇರಿಕೇಲೂ ದಿಂಡು ಎದ್ದು ಮೈಗೆ ಒತ್ತುತ್ತೆ. ಜೋಡಣೆ ಕೈಯಲ್ಲೇ ಮಾಡಿ, ಎರಡು ತುಂಡು ಮುಖಾಮುಖಿ ಇಟ್ಟು ಒಂದೇ ಎಳೆ ದಾರದಲ್ಲಿ ಅಂಚಿನ ಎರಡು ಮೂರು ನೂಲು ಮಾತ್ರ ಹಿಡಿದು ಇಂಚಿಗೆ 12ರಿಂದ 15 ಹೊಲಿಗೆ, ಮೂಲೆ ಬಂದಾಗ ಎರಡು ಸಲ ಬಿಗೀರಿ. ಮೇಲಿನ ಮಡಿಕೆ ಅದುಮಿ ಹೊಲಿಯೋಕೆ ಮೆಷಿನ್ ಧಾರಾಳವಾಗಿ ಬಳಸಿ. ಪೈಪಿಂಗ್ ಬೇಡ. ಪ್ರತಿ ತುಂಡಿನ ಅಂಚೂ ಮಡಚಿ ಮುಗಿದೇ ಇರುತ್ತೆ, ಹೊರಗಿನ ಸುತ್ತು ಹಲ್ಲು ಹಲ್ಲಾಗಿ ಬಂದಿರೋದನ್ನ ಹಾಗೇ ಬಿಡಿ, ಗೋಡೆಗೆ ತೂಗು ಹಾಕಿದಾಗ ಅದೇ ಚಂದ ಕಾಣೋದು.