ಕಾಲುಚೀಲ ತೆಗೆಸಿದ ಮೇಲೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ಒಂಬತ್ತು ತಿಂಗಳ ಹೆಣ್ಣು ಮಗು. ಸೆಕೆಯ ದಿನವಾದರೂ ಎರಡೂ ಕೈಗಳಿಗೆ ಗವಸು. ತೆಗೆಯಿರಿ ಎಂದಾಗ ತಾಯಿ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿ, ಆಮೇಲೆ ತೆಗೆದರು. ಮಧ್ಯದ ಬೆರಳೂ ಉಂಗುರ ಬೆರಳೂ ತುದಿಯವರೆಗೆ ಕೂಡಿಕೊಂಡಿದ್ದವು. ಆ ಎರಡರ ನಡುವೆ ಮತ್ತೊಂದು ಬೆರಳಿನ ಮೂಳೆ ಅಡಗಿರುವುದು ಎಕ್ಸ್‌ರೇಯಲ್ಲಿ ಕಾಣುತ್ತಿತ್ತು. ಬೆರಳು ಅಂಟಿರುವುದೂ ಹೆಚ್ಚಾಗಿರುವುದೂ ಒಟ್ಟಿಗೇ ಬಂದಿರುವ ಈ ಸ್ಥಿತಿಗೆ ಸಿನ್‌ಪಾಲಿಡ್ಯಾಕ್ಟಿಲಿ ಎಂದು ಹೆಸರು.

ಜೊತೆಗೆ ಬಂದಿದ್ದ ಅತ್ತೆ ಮೊದಲು ಮಾತು ತೆಗೆದರು. ಸೊಸೆ ಬಸುರಿಯಾಗಿದ್ದಾಗ ಐದನೇ ತಿಂಗಳಲ್ಲಿ ಜ್ವರಕ್ಕೆ ಮಾತ್ರೆ ನುಂಗಿದ್ದಳಂತೆ. ಸೊಸೆ ತಲೆ ಎತ್ತಲಿಲ್ಲ. ಒಂಬತ್ತು ತಿಂಗಳಿನಿಂದ ಆ ಮಾತ್ರೆಯ ಲೆಕ್ಕ ಕೇಳಿಸಿಕೊಂಡು ಅವರಿಗೂ ಅದು ನಿಜವೆಂದೇ ಅನ್ನಿಸಿತ್ತು.

ನಾನು ಹೇಳಿದ್ದು ಇಷ್ಟು: ಗರ್ಭದಲ್ಲಿ ಕೈ ಮೊದಲು ದೋಣಿಯ ಚಿಕ್ಕ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿ ಸತ್ತು ಜಾಗ ಬಿಟ್ಟುಕೊಟ್ಟಾಗ ಬೆರಳು ಬಿಡಿಯಾಗುತ್ತವೆ. ಎಂಟನೇ ವಾರದ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಐದನೇ ತಿಂಗಳ ಮಾತ್ರೆ ಅಲ್ಲಿಗೆ ತಲುಪುವ ಹೊತ್ತಿಗೆ ಕೈಯ ಆಕಾರ ತೀರ್ಮಾನವಾಗಿತ್ತು.

ಇಂಥ ಮಗು ಬಂದಾಗ ತಂದೆ ತಾಯಿಯ ಕೈಕಾಲುಗಳನ್ನು ನಾನೇ ನೋಡುತ್ತೇನೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಬರೀ ಬಾಯಲ್ಲಿ ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ತಮ್ಮದನ್ನು ಜನ ದೋಷವೆಂದು ಎಣಿಸಿರುವುದಿಲ್ಲ. ತಂದೆ ಕಾಲುಚೀಲ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಎಡಗಾಲಿನ ಕೊನೆಯ ಎರಡು ಬೆರಳುಗಳ ನಡುವೆ ಅರ್ಧದವರೆಗೆ ಚರ್ಮ. “ಇದೇನು ಮಹಾ, ನಡೆಯಲು ತೊಂದರೆಯೇ ಇಲ್ಲ” ಎಂದರು. ಅತ್ತೆ ಬಹಳ ಹೊತ್ತು ಆ ಕಾಲನ್ನೇ ನೋಡಿ, “ಇವರಪ್ಪನ ಕಾಲೂ ಹೀಗೇ ಇತ್ತು” ಎಂದರು.

ಈ ಸ್ಥಿತಿಗೆ ಮುಖ್ಯವಾಗಿ ಕಾರಣವಾಗುವ ಹಾಕ್ಸ್‌ಡಿ13 ಎಂಬ ವಂಶವಾಹಿಯಲ್ಲಿನ ಬದಲಾವಣೆ 1996ರಲ್ಲಿ ಗೊತ್ತಾಯಿತು. ತಂದೆ ಅಥವಾ ತಾಯಿಯಲ್ಲಿ ಆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದ್ದರೆ ಸಾಕು, ಪ್ರತಿ ಬಸಿರಿನಲ್ಲೂ ಅದು ಮಗುವಿಗೆ ದಾಟುವ ಸಾಧ್ಯತೆ ಶೇಕಡಾ 50. ಆದರೆ ಎಷ್ಟರ ಮಟ್ಟಿಗೆ ಕಾಣಿಸಿಕೊಳ್ಳುತ್ತದೆ ಎಂಬುದು ಒಂದೇ ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಥರ. ತಂದೆಗೆ ಕಾಲಿನಲ್ಲಿ ಚೂರು ಚರ್ಮ, ಮಗಳಿಗೆ ಎರಡೂ ಕೈ. ತಂದೆ ಮಗು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದೆವು.

ಸೊಸೆಯ ಮೇಲಿನ ಆರೋಪ ಕಳಚಿತಲ್ಲ ಎಂದು ಅಂದು ಸಮಾಧಾನಪಟ್ಟುಕೊಂಡಿದ್ದೆ. ಅದು ನನ್ನ ಅವಸರ. ಬದಲಾವಣೆ ಇಬ್ಬರಲ್ಲೂ ಇದೆಯೆಂಬ ವರದಿಯೊಂದಿಗೆ ಎರಡನೇ ಸಲ ಬಂದಾಗ ತಂದೆ ಮಗುವನ್ನು ಎತ್ತಿಕೊಂಡಿರಲಿಲ್ಲ, ಗೋಡೆಯ ಪಕ್ಕದ ಕುರ್ಚಿ ಹಿಡಿದು ಕುಳಿತರು. ಆರೋಪ ಹೋಗಿರಲಿಲ್ಲ, ಹೊರುವ ಹೆಗಲು ಬದಲಾಗಿತ್ತು. ಹಾಗಾಗಿ ಅಂದು ಅವರೊಬ್ಬರ ಜೊತೆಯೇ ಮೊದಲು ಮಾತಾಡಿದೆ. ಯಾವ ವಂಶವಾಹಿ ಕೊಡಬೇಕೆಂದು ಯಾರೂ ಆರಿಸುವುದಿಲ್ಲ, ನಿಮ್ಮಪ್ಪ ನಿಮಗೆ ಕೊಟ್ಟದ್ದಕ್ಕೆ ಅವರ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ಶಸ್ತ್ರಚಿಕಿತ್ಸೆಯ ವಿಷಯ ಇಬ್ಬರಿಗೂ ಬಿಡಿಸಿ ಹೇಳಿದೆ. ಹೆಬ್ಬೆರಳು ತೋರುಬೆರಳು ಅಂಟಿದ್ದರೆ ಉದ್ದದ ವ್ಯತ್ಯಾಸದಿಂದ ಬೆರಳು ಡೊಂಕಾಗುತ್ತದೆ, ಅಲ್ಲಿ ಅವಸರ ಬೇಕು. ಇಲ್ಲಿ ಮಗುವಿನ ಒಂದರಿಂದ ಎರಡು ವರ್ಷ ವಯಸ್ಸಿನೊಳಗೆ ಮಾಡಬಹುದು. ಬಿಡಿಸಿದ ಜಾಗಕ್ಕೆ ಸಾಮಾನ್ಯವಾಗಿ ಬೇರೆಡೆಯ ಚರ್ಮ ಕಸಿ ಮಾಡುತ್ತಾರೆ. ಒಳಗೆ ಹೆಚ್ಚುವರಿ ಮೂಳೆ ಇರುವುದರಿಂದ ಬೆರಳು ಪೂರ್ತಿ ಮಡಚಲು ಬಾರದಿರಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗವಸನ್ನು ಮಾತ್ರ ಇವತ್ತೇ ಬಿಡಿ ಎಂದೆ: ಮಗು ಮುಟ್ಟಿ, ಹಿಡಿದು, ಬಾಯಿಗಿಟ್ಟೇ ಕೈಯ ಬಳಕೆ ಕಲಿಯಬೇಕು.

ಎರಡನೇ ಮಗುವಿನ ಪ್ರಶ್ನೆ ತಾಯಿಯದು. ವರದಿ ಕೈಯಲ್ಲಿರುವುದರಿಂದ ಗರ್ಭದಲ್ಲಿಯೇ ಪರೀಕ್ಷಿಸುವ ದಾರಿಯಿದೆ, ಆದರೆ ಬೆರಳು ಹೇಗಿರುತ್ತದೆಂದು ಆ ಪರೀಕ್ಷೆ ಹೇಳುವುದಿಲ್ಲ ಎಂದೆ. ಬೇಕೋ ಬೇಡವೋ ಎಂದು ನಾನು ಹೇಳಲಿಲ್ಲ, ಕೇಳಿದರೂ ಹೇಳುವುದಿಲ್ಲ.

ಹೊರಡುವಾಗ ತಂದೆ, “ದೊಡ್ಡವಳಾಗಿ ಯಾಕೆ ಹೀಗೆ ಎಂದು ಕೇಳಿದರೆ?” ಎಂದರು. ಕಾಲುಚೀಲ ತೆಗೆದು ತೋರಿಸಿ ಎಂದೆ. ಅಷ್ಟರಲ್ಲಿ ಮಗು ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಆ ಕೂಡುಬೆರಳಿಗೂ ಹೆಬ್ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಎಳೆಯುತ್ತಿತ್ತು. ತಂದೆ ಎದ್ದು ಬಂದು ಅದನ್ನು ಬಿಡಿಸಿ, ಮಗಳನ್ನು ಎತ್ತಿಕೊಂಡರು.